ನಾನು ಗೋಲಗುಮ್ಮಟ ತೋರಿಸಿದ್ದು

ಮುಂಬೈ ಪಕ್ಕದ ಡೊಂಬಿವಲಿಯವರನ್ನು ಯಾವ ಊರಿಗೆ ಕರೆದುಕೊಂಡು ಹೋದರೂ ಅವರು ತಮ್ಮ ಸ್ಟೇಷನ್ನನ್ನು ಜೊತೆಗೇ ತಂದಿರುತ್ತಾರೆ. ಹಾಗಾಗಿ ನಮ್ಮ ಕನ್ನಡ ಸಂಘದ ಪ್ರವಾಸ ಎಂದರೆ ಏನಾದರೊಂದು ನಡೆದೇ ನಡೆಯುತ್ತದೆ. ನಡೆಯದಿದ್ದರೆ ನಮಗೇ ಗಾಬರಿ. ಈ ಸಲ ನಡೆದದ್ದರಲ್ಲಿ ಮುಕ್ಕಾಲು ಪಾಲು ನನ್ನ ತಲೆಯ ಮೇಲೇ ನಡೆಯಿತು. ಬೇರೆಯವರು ಉಪ್ಪುಖಾರ ಹಚ್ಚಿ ಹೇಳುವ ಮೊದಲು ನಾನೇ ಹೇಳಿ ಮುಗಿಸಿಬಿಡುತ್ತೇನೆ.

ಬುತ್ತಿಗಂಟು

ನಾನು ಬಿಜಾಪುರದವನು. ಈಗ ವಿಜಯಪುರ ಅನ್ನಬೇಕು, ಗೊತ್ತು. ಆದರೆ ಇಪ್ಪತ್ತೇಳು ವರ್ಷ ಡೊಂಬಿವಲಿಯಿಂದ ಠಾಣೆಯವರೆಗೆ ಲೋಕಲ್‌ನಲ್ಲಿ ನಿಂತುಕೊಂಡು ನಾನು ಹೊಗಳಿದ್ದು ಬಿಜಾಪುರವನ್ನು, ನಾಲಿಗೆಗೆ ಅದೇ ರೂಢಿ. ಸುಲ್ತಾನರ ರಾಜಧಾನಿಯಲ್ಲಿ ಹುಟ್ಟಿದವನು ಡೊಂಬಿವಲಿಯ ವನ್ ರೂಮ್ ಕಿಚನ್‌ನಲ್ಲಿ ಸಂಸಾರ ಮಾಡುವಾಗ ಅಷ್ಟಾದರೂ ಜಂಬ ಬೇಡವೇ? ರೈಲಿನ ಡಬ್ಬಿಯಲ್ಲಿ ಯಾರಾದರೂ ತಾಜಮಹಲಿನ ಮಾತೆತ್ತಿದರೆ ಸಾಕು, ನಾನು ಗೋಲಗುಮ್ಮಟ ಶುರುಮಾಡುತ್ತಿದ್ದೆ. ದಿವಾ ಸ್ಟೇಷನ್ ದಾಟುವಷ್ಟರಲ್ಲಿ ಅವರನ್ನು ಮೆಟ್ಟಿಲು ಹತ್ತಿಸಿ, ಕಳವಾ ಬರುವಷ್ಟರಲ್ಲಿ ಗುಮ್ಮಟದೊಳಗಿನ ಗ್ಯಾಲರಿಯಲ್ಲಿ ನಿಲ್ಲಿಸಿರುತ್ತಿದ್ದೆ. ಆ ಗ್ಯಾಲರಿಯ ಈ ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಕಡೆ ಗೋಡೆಗೆ ಕಿವಿಯಿಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ, ಜೋರಾಗಿ ಕೂಗಿದರೆ ಏಳು ಸಲ ಮರುದನಿ ಬರುತ್ತದೆ ಎಂದು ನಾನು ಹೇಳುವಾಗ ನಿದ್ದೆ ಮಾಡುತ್ತಿದ್ದವರೂ ಕಣ್ಣು ತೆರೆಯುತ್ತಿದ್ದರು.

ಇದರಲ್ಲಿ ಒಂದೇ ಒಂದು ತೊಡಕಿತ್ತು. ನಾನು ಗೋಲಗುಮ್ಮಟ ಹತ್ತಿರಲಿಲ್ಲ.

ಹತ್ತಲು ಬಿಟ್ಟವರು ಯಾರು? ವರ್ಷಕ್ಕೆ ನಾಲ್ಕು ಸಲ ನೆಂಟರು ಬರುತ್ತಿದ್ದರು. ಅವರನ್ನು ಕರೆದುಕೊಂಡು ಹೊರಡುವಾಗ ಅವ್ವ ನನ್ನನ್ನು ತೋಟದಲ್ಲೇ ಕೂರಿಸುತ್ತಿದ್ದಳು. "ಅವರು ದೂರದಿಂದ ಬಂದಾರ, ನೋಡ್ಕೊಂಡ ಬರ್ಲಿ. ನೀ ಇದ ಊರಾಂವ, ಯಾವಾಗ ಬೇಕಾದ್ರೂ ನೋಡಬಹುದು. ಬುತ್ತಿಗಂಟ ಕಾಯ್ಕೋತ ಕೂಡು, ಮಂಗ್ಯಾ ಬರ್ತಾವ." ಹೀಗೆ ಬುತ್ತಿಗಂಟು ಕಾಯುತ್ತಲೇ ನನ್ನ ಬಾಲ್ಯ ಮುಗಿಯಿತು, ಠಾಣೆಯಲ್ಲಿ ನೌಕರಿ ಸಿಕ್ಕಿತು. ಗುಮ್ಮಟದ ಒಳಗಿನ ಸಂಗತಿಯೆಲ್ಲ ನನಗೆ ನೆಂಟರಿಂದ ತಿಳಿದದ್ದು. ಸ್ವಂತ ಅನುಭವದಿಂದ ಗೊತ್ತಿದ್ದದ್ದು ಮಂಗಗಳು ಮಾತ್ರ.

ನಮ್ಮಲ್ಲಿ ನೋಡುವಂಥದ್ದು

ಗುಮ್ಮಟದ ಸುದ್ದಿ ಹೇಳಿದ ನೆಂಟರು ಆ ಸಾಲವನ್ನು ಡೊಂಬಿವಲಿಗೆ ಬಂದು ವಸೂಲಿ ಮಾಡಿಕೊಂಡರು. ಚಿಗವ್ವನ ಮಗ ಹೆಂಡತಿ ಮಕ್ಕಳ ಸಮೇತ ಮುಂಬೈ ನೋಡಲು ಬಂದಿಳಿದ. ಬೆಳಿಗ್ಗೆ ಎಂಟಕ್ಕೆ ಅವರನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಒಂದು ಗಾಡಿ ಬಂತು, ಹತ್ತಲಾಗಲಿಲ್ಲ. ಎರಡನೆಯದು ಬಂತು, ನಾನು ಹತ್ತಿದೆ, ಅವರು ಹತ್ತಲಿಲ್ಲ ಎಂದು ಇಳಿಯಲು ಹೋದರೆ ಇಳಿಯಲೂ ಆಗದೆ ಠಾಣೆಗೆ ಹೋಗಿ ತಿರುಗಿ ಬಂದೆ.

ಅಷ್ಟರಲ್ಲಿ ಅವರೆಲ್ಲ ಪಾದಚಾರಿ ಸೇತುವೆಯ ಮೇಲೆ ನಿಂತು ಕೆಳಗೆ ನೋಡುತ್ತಿದ್ದರು. ಮಕ್ಕಳ ಕೈಯಲ್ಲಿ ವಡಾಪಾವ್. ಗಾಡಿ ನಿಲ್ಲುವ ಮೊದಲೇ ಜನ ಹಾರುವುದು, ಬಾಗಿಲಲ್ಲಿ ಒಬ್ಬರ ಬ್ಯಾಗು ಒಳಗೆ ಹೋಗಿ ಮನುಷ್ಯ ಹೊರಗೆ ಉಳಿಯುವುದು, ಇದನ್ನೆಲ್ಲ ನೋಡಿ ಅವರಿಗೆ ಹೊಟ್ಟೆ ತುಂಬಿತ್ತು. "ಇನ್ನೊಂದ ಗಾಡಿ ನೋಡೂಣು" ಎಂದು ಹತ್ತೂವರೆಯವರೆಗೆ ಅಲ್ಲೇ ನಿಂತರು. ಮನೆಗೆ ಬರುವಾಗ ಚಿಗವ್ವನ ಮಗ ಕೇಳಿದ, "ಸಮುದ್ರದಾಗ ಅದೇನೋ ಗುಹಾ ಅದಾವಂತಲ್ಲ, ಎಲಿಫೆಂಟಾ. ನೀ ನೋಡೀಯೇನು?"

"ನಾ ಇಲ್ಲೇ ಇರಾಂವ, ಯಾವಾಗ ಬೇಕಾದ್ರೂ ನೋಡಬಹುದು" ಎಂದೆ. ಅವ್ವನ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ನನಗೇ ಕೆಡುಕೆನಿಸಿತು.

ಅವನು ಊರಿಗೆ ಹೋಗಿ ಹೇಳಿದನಂತೆ: "ಮುಂಬೈದಾಗ ಎಲ್ಲಾ ಬಿಡ್ರಿ, ಡೊಂಬಿವಲಿ ಟೇಶನ್ ಒಂದ ನೋಡಿ ಬರ್ರಿ. ಟಿಕೀಟ್ ಸೈತ ಇಲ್ಲ."

ಎಂಥ ಗೈಡ್?

ನಮ್ಮ ಸಂಘದ ಕಾರ್ಯದರ್ಶಿ ಮೇಡಂ ನಿವೃತ್ತ ಶಿಕ್ಷಕಿ, ಬೆಂಗಳೂರಿನವರು. ಸಂಘದ ಸಭೆಯಲ್ಲೂ ಹಾಜರಿ ಕೂಗುತ್ತಾರೆ. ಅವರು ಎದ್ದು ನಿಂತು, "ಈ ವರ್ಷ ವಿಜಯಪುರಕ್ಕೆ ಹೋಗೋಣ. ಅಲ್ಲಿ ಒಬ್ಬ ಒಳ್ಳೆ ಗೈಡ್‌ನ ಗೊತ್ತು ಮಾಡ್ಕೊಳ್ಳೋಣ" ಎಂದರು.

ಉಲ್ಹಾಸನಗರದಲ್ಲಿ ಹೋಟೆಲ್ ಇಟ್ಟಿರುವ ನಮ್ಮ ಕರಾವಳಿಯ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಹೋಟೆಲ್ ಅಣ್ಣ ಎನ್ನುತ್ತೇವೆ. ಅವರು ಕುಳಿತಲ್ಲಿಂದಲೇ, "ಎಂಥ ಗೈಡ್ ಮೇಡಂ? ಇವರಿಲ್ವಾ? ಇವರು ಗೋಲಗುಮ್ಮಟದಲ್ಲೇ ಹುಟ್ಟಿದ ಹಾಗೆ ಮಾತಾಡ್ತಾರೆ!" ಎಂದು ನನ್ನ ಕಡೆ ಕೈ ತೋರಿಸಿದರು. ಚಪ್ಪಾಳೆ ಬಿತ್ತು. ನಾನು ಹೆಂಡತಿಯ ಮುಖ ನೋಡಿದೆ. ಅವಳು ಮೇಲಿನ ಫ್ಯಾನನ್ನು ನೋಡುತ್ತಿದ್ದಳು.

ಮನೆಗೆ ಬಂದ ಮೇಲೆ, "ಈಗರೆ ಖರೇ ಹೇಳಿಬಿಡ್ರಿ" ಎಂದಳು. ಅವಳಿಗೆ ಬುತ್ತಿಗಂಟಿನ ಕಥೆಯನ್ನು ನಮ್ಮ ಮದುವೆಯಾದ ವಾರದಲ್ಲೇ ಅವ್ವ ಹೇಳಿ ಮುಗಿಸಿದ್ದಳು.

"ಇಪ್ಪತ್ತೇಳು ವರ್ಷದ ಮಾನದ ಪ್ರಶ್ನೆ" ಎಂದೆ.

ಹದಿನೈದು ದಿನ ಫೋನಿನಲ್ಲಿ ಯಾರ್ಯಾರೋ ತೆಗೆದ ವೀಡಿಯೋ ನೋಡಿದೆ. ಯಾವ ಸುಲ್ತಾನನ ನಂತರ ಯಾವ ಸುಲ್ತಾನ, ಯಾವ ಕಮಾನಿನ ಹಿಂದೆ ಯಾವ ಬಾಗಿಲು ಎಂದು ಚೀಟಿ ಬರೆದು ಬಾಯಿಪಾಠ ಮಾಡಿದೆ. ಹೆಂಡತಿ ಪಕ್ಕದಲ್ಲಿ ಶೇಂಗಾ ಸುಲಿಯುತ್ತ ಹೇಳಿದಳು, "ಕಾಲೇಜದಾಗ ಇಷ್ಟ ಓದಿದ್ರ ಇವತ್ತ ನೀವು ಮ್ಯಾನೇಜರ್ ಇರ್ತಿದ್ರಿ."

ಕಿಟಕಿ ಸೀಟು

ಪ್ರಯಾಣಕ್ಕೆ ಒಂದು ದೊಡ್ಡ ಬಸ್ಸು ಗೊತ್ತುಮಾಡಿದ್ದೆವು. ಅದು ಹೊರಡುವುದು ಪಕ್ಕದ ಕಲ್ಯಾಣದಿಂದ. ಸಂಜೆ ಐದಕ್ಕೆ ಡೊಂಬಿವಲಿಯ ಸಂಘದ ಬಾಗಿಲಿಗೆ ಬಂದು ನಮ್ಮನ್ನು ಹತ್ತಿಸಿಕೊಳ್ಳಬೇಕು. ಜಗಳ ಬೇಡವೆಂದು ಸೀಟಿನ ನಂಬರುಗಳನ್ನು ಕಾರ್ಯದರ್ಶಿ ಮೇಡಂ ಮೊದಲೇ ಹಂಚಿದ್ದರು.

ನಮ್ಮವರ ಒಂದು ಹಳೆಯ ಅಭ್ಯಾಸ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಬೆಳಿಗ್ಗೆ ಮುಂಬೈ ಕಡೆಯ ಗಾಡಿಯಲ್ಲಿ ಡೊಂಬಿವಲಿಯಲ್ಲಿ ಸೀಟು ಸಿಗುವುದಿಲ್ಲ. ಅದಕ್ಕೆ ಜಾಣರು ಮೊದಲು ಉಲ್ಟಾ ದಿಕ್ಕಿನ ಗಾಡಿಯಲ್ಲಿ ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಹೊರಡುವ ಗಾಡಿಯಲ್ಲಿ ಕುಳಿತು, ನಿಂತವರನ್ನು ಕರುಣೆಯಿಂದ ನೋಡುತ್ತ ಡೊಂಬಿವಲಿಯನ್ನು ದಾಟುತ್ತಾರೆ.

ಐದಕ್ಕೆ ಐದು ನಿಮಿಷವಿರುವಾಗ ನಾನೂ ನನ್ನ ಹೆಂಡತಿಯೂ ಸಂಘದ ಬಾಗಿಲಿಗೆ ಬಂದೆವು. ಒಂದು ನರಪಿಳ್ಳೆಯೂ ಇಲ್ಲ. ಐದೂಕಾಲಾಯಿತು, ಆಗಲೂ ಇಲ್ಲ. ಪ್ರವಾಸವೇ ರದ್ದಾಯಿತೇನೋ, ನನ್ನ ಮಾನ ಉಳಿಯಿತೇನೋ ಎಂದು ಒಳಗೊಳಗೇ ಖುಷಿಯಾಗತೊಡಗಿತು. ಅಷ್ಟರಲ್ಲಿ ಬಸ್ಸು ಬಂತು. ಕಿಟಕಿ ಕಿಟಕಿಯಲ್ಲೂ ನಮ್ಮ ಸಂಘದ ಮುಖಗಳು! ಎಲ್ಲರೂ ಒಬ್ಬರಿಗೊಬ್ಬರು ಹೇಳದೆ ರಿಕ್ಷಾ ಹಿಡಿದು ಕಲ್ಯಾಣಕ್ಕೆ ಹೋಗಿ ಹತ್ತಿಕೊಂಡು ಬಂದಿದ್ದರು. ಖಾಲಿ ಉಳಿದ ಎರಡು ಸೀಟುಗಳ ಮೇಲೂ ಕರವಸ್ತ್ರ.

"ಮೇಡಂ, ನಂಬರ್ ಇತ್ತಲ್ರಿ?" ಎಂದು ಕೇಳಿದೆ.

ಕಿಟಕಿ ಪಕ್ಕ ಕುಳಿತಿದ್ದ ಕಾರ್ಯದರ್ಶಿ ಮೇಡಂ ಸ್ವಲ್ಪ ನಾಚಿಕೊಂಡು ಹೇಳಿದರು, "ನಂಬರ್ ಇದೆ ಸಾರ್. ಆದ್ರೂ ಕೂತ್ಕೊಂಡ್ರೇನೇ ಸಮಾಧಾನ."

ಮುಂದಿನ ಸ್ಟೇಷನ್

ಬೆಳಿಗ್ಗೆ ದೂರದಲ್ಲಿ ಗುಮ್ಮಟ ಕಂಡಿತು. ಬಯಲಿನಲ್ಲಿ ಒಮ್ಮೆಲೇ ಎದ್ದು ಕೂತಂತೆ ಕಾಣುತ್ತದೆ ಅದು. ಎಷ್ಟೋ ವರ್ಷದ ಮೇಲೆ ನೋಡುತ್ತಿದ್ದೆ. ಎದ್ದು ನಿಂತು ಎರಡು ಒಳ್ಳೆಯ ಮಾತು ಹೇಳೋಣವೆಂದು, "ಅಕೋ ನೋಡ್ರಿ, ಗೋಲಗುಮ್ಮಟ!" ಎಂದೆ.

ಅಷ್ಟೇ ಹೇಳಿದ್ದು. ನಲವತ್ತು ಜನ ಒಟ್ಟಿಗೆ ಎದ್ದರು. ಬ್ಯಾಗು ಎದೆಗೆ ಬಂತು, ಚಪ್ಪಲಿ ಕಾಲಿಗೆ ಬಂತು, ಎಲ್ಲರೂ ಬಾಗಿಲಿಗೆ ಒತ್ತಿ ನಿಂತರು. ಹಿಂದಿನವರು ಮುಂದಿನವರ ಬೆನ್ನು ತಟ್ಟಿ, "ಉತರ್ನಾ ಹೈ ಕ್ಯಾ? ಉತರ್ನಾ ಹೈ?" ಎಂದು ಲೋಕಲ್‌ನಲ್ಲಿ ಕೇಳುವ ಹಾಗೆ, ಇಳಿಯುತ್ತೀರಾ ಎಂದು ಕೇಳಲು ಶುರುಮಾಡಿದರು.

ಡ್ರೈವರ್ ಕನ್ನಡಿಯಲ್ಲಿ ನೋಡಿ ಬೆಚ್ಚಿಬಿದ್ದ. "ಏನಾತ್ರಿ? ಇನ್ನ ಹದಿನೈದ ಕಿಲೋಮೀಟರ್ ಐತಿ, ಕೂಡ್ರಿ!"

ಯಾರೂ ಕೂರಲಿಲ್ಲ. ಕೂತರೆ ಪಕ್ಕದವನು ಮೊದಲು ಇಳಿದುಬಿಟ್ಟರೆ? ಹದಿನೈದು ಕಿಲೋಮೀಟರ್ ಹಾಗೇ ನಿಂತು, ನಾನು ಇಡೀ ರಾಜಧಾನಿಯ ಪ್ರವೇಶವನ್ನು ಹೋಟೆಲ್ ಅಣ್ಣನ ಕಂಕುಳ ಕೆಳಗಿನಿಂದ ನೋಡಿದೆ.

ಅರ್ಧಕ್ಕೆ ನಿಂತ ಕಟ್ಟಡ

ಸ್ನಾನ, ತಿಂಡಿ ಮುಗಿಸಿ ಮೊದಲು ಬಾರಾ ಕಮಾನಿಗೆ ಹೋದೆವು. ಗೋಲಗುಮ್ಮಟವನ್ನು ಆದಷ್ಟು ಮುಂದೂಡಬೇಕೆಂಬುದು ನನ್ನ ಉಪಾಯ. ಸಾಲು ಸಾಲು ಕಲ್ಲಿನ ಕಮಾನುಗಳು, ಮೇಲೆ ಛಾವಣಿ ಇಲ್ಲ, ಆಕಾಶ. ನಾನು ಚೀಟಿಯಂತೆ ಹೇಳಿದೆ: "ಇದು ಎರಡನೇ ಅಲಿ ಆದಿಲ್ ಶಾ ತನಗಾಗಿ ಕಟ್ಟಿಸಲು ಹೊರಟ ಸಮಾಧಿ. ಗೋಲಗುಮ್ಮಟವನ್ನೂ ಮೀರಿಸಬೇಕೆಂಬ ಆಸೆ. ಆದರೆ ಅರ್ಧಕ್ಕೇ ನಿಂತಿತು."

ನಮ್ಮಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಕಾಕಾ ಇದ್ದಾರೆ. ಪಿಂಚಣಿಯಾದ ಹೊಸದರಲ್ಲಿ ನವಿ ಮುಂಬೈಯಲ್ಲಿ ಒಂದು ಫ್ಲ್ಯಾಟ್ ಬುಕ್ ಮಾಡಿದರು. ಕಟ್ಟಡ ಏಳನೇ ಸ್ಲ್ಯಾಬಿಗೆ ನಿಂತಿದೆ. ಭಾನುವಾರಕ್ಕೊಮ್ಮೆ ಹೋಗಿ ರಸ್ತೆಯಲ್ಲಿ ನಿಂತು ಅದನ್ನು ನೋಡಿ ಬರುತ್ತಾರೆ. ಅರ್ಧಕ್ಕೆ ನಿಂತಿತು ಎಂದದ್ದೇ ಅವರ ಮುಖ ಬದಲಾಯಿತು. ಕೈ ಹಿಂದೆ ಕಟ್ಟಿ ಒಂದು ಸುತ್ತು ಹಾಕಿದರು. ಒಂದು ಕಮಾನನ್ನು ಬೆರಳಿನಿಂದ ಕುಟ್ಟಿ ನೋಡಿದರು.

"ಬಿಲ್ಡರ್ ಯಾರು?" ಎಂದು ಕೇಳಿದರು.

"ಸುಲ್ತಾನನೇ ರೀ."

"ಬುಕಿಂಗ್?"

"ಅದೂ ಅವಂದ."

"ಆಮ್ಯಾಲೆ ಅಂವಾ ಎಲ್ಲಿ ಹೋದ?"

"ಎಲ್ಲಿ ಹೋಗ್ತಾನ್ರಿ? ಸತ್ತಮ್ಯಾಲೆ ಇಲ್ಲೇ, ಈ ಕಟ್ಟೀ ಮ್ಯಾಲೇ ಮಣ್ಣ ಮಾಡ್ಯಾರ" ಎಂದು ತೋರಿಸಿದೆ.

ಕಾಕಾ ಆ ಕಟ್ಟೆಯನ್ನು ಮೆಲ್ಲಗೆ ಸವರಿದರು. "ಪುಣ್ಯಾತ್ಮ. ಅವಂಗರೆ ಪೊಸೆಷನ್ ಸಿಕ್ಕೇತಿ."

ಒಂದು ಕಂಬ ಇಲ್ಲ

ಕೊನೆಗೂ ಗೋಲಗುಮ್ಮಟಕ್ಕೆ ಬರಲೇಬೇಕಾಯಿತು. ಒಳಗೆ ಕಾಲಿಟ್ಟ ಕೂಡಲೇ ಎಲ್ಲರ ತಲೆ ಮೇಲಕ್ಕೆ ತಿರುಗಿತು. ಅಷ್ಟು ದೊಡ್ಡ ಜಾಗ, ನಡುವೆ ಒಂದೇ ಒಂದು ಕಂಬವಿಲ್ಲ. ನಾನೂ ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಿದ್ದೆ. ಹೆಂಡತಿ ಮೊಣಕೈಯಿಂದ ತಿವಿದು, "ಬಾಯಿ ಮುಚ್ರಿ. ನೀವು ನೋಡಿದವ್ರು" ಎಂದಳು.

ಹೋಟೆಲ್ ಅಣ್ಣ ಮಾತ್ರ ಹೆಜ್ಜೆಯಿಂದ ನೆಲ ಅಳೆಯುತ್ತಿದ್ದರು. "ಒಂದು ಕಂಬ ಇಲ್ಲ ಮಾರಾಯ್ರೆ! ನನ್ನ ಹೋಟೆಲಲ್ಲಿ ಆರು ಟೇಬಲ್ಲಿಗೆ ನಾಲ್ಕು ಕಂಬ ಉಂಟು. ಕಿಚನ್ ಆ ಮೂಲೆಗೆ ಹಾಕಿದ್ರೆ ಇಲ್ಲಿ ಎಷ್ಟು ಜನ ಕೂತ್ಕೊಳ್ಬಹುದು!"

"ಇದು ಸಮಾಧಿ ಅಣ್ಣಾ" ಎಂದರು ಕಾರ್ಯದರ್ಶಿ ಮೇಡಂ.

"ಗೊತ್ತುಂಟು ಮೇಡಂ" ಎಂದು ಅಣ್ಣ ನಡುವಿನ ಕಟ್ಟೆಯ ಮೇಲಿದ್ದ ಗೋರಿಗಳನ್ನು ಎಣಿಸಿದರು. ಆಮೇಲೆ ತಲೆ ಅಲ್ಲಾಡಿಸಿದರು. "ಇಷ್ಟು ದೊಡ್ಡ ಜಾಗದಲ್ಲಿ ಇಷ್ಟೇ ಜನವಾ? ನಮ್ಮ ದಿವಾದಲ್ಲಿ ಆಗಿದ್ರೆ ಇದರಲ್ಲಿ ಇಡೀ ಒಂದು ವಾರ್ಡಿನ ಜನ ಇರ್ತಿದ್ರು."

ಇನ್ನೊಂದೇ ಅಂತಸ್ತು

ಗುಮ್ಮಟಕ್ಕೆ ನಾಲ್ಕು ಮೂಲೆಯಲ್ಲಿ ನಾಲ್ಕು ಗೋಪುರ. ಯಾವುದರ ಮೆಟ್ಟಿಲು ಹತ್ತಬೇಕೆಂದು ನಾನು ನೋಡಿದ ಯಾವ ವೀಡಿಯೋದಲ್ಲೂ ಇರಲಿಲ್ಲ. ಧೈರ್ಯ ಮಾಡಿ ಎಡಕ್ಕೆ ನಡೆದೆ. ನಲವತ್ತು ಜನ ನನ್ನ ಹಿಂದೆ ಬಂದರು. ಅಲ್ಲಿ ಒಂದು ಬಾಗಿಲು, ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು.

"ಆ ಬಾಗಲಾ ತೆಗ್ಯಾಂಗಿಲ್ರಿ, ಆ ಕಡೆ ಹೋಗ್ರಿ" ಎಂದ ಕಾವಲುಗಾರ.

"ನಮ್ಮ ಕಾಲಕ್ಕ ಇದನ್ನ ತೆಗೀತಿದ್ರು" ಎಂದೆ, ತಲೆ ಎತ್ತಿಕೊಂಡೇ.

"ಮೂವತ್ತೈದ ವರ್ಷಾತು ನಾ ಇಲ್ಲೇ ಅದೀನಿ. ಒಮ್ಮೆನೂ ತೆಗದಿಲ್ಲ."

"ಅದಕ್ಕೂ ಮೊದಲ" ಎಂದು ಹೇಳಿ ಸರಸರ ನಡೆದೆ. ಕಾರ್ಯದರ್ಶಿ ಮೇಡಂ ಕನ್ನಡಕ ಏರಿಸಿ ನನ್ನನ್ನು ನೋಡಿದರು. ಆ ನೋಟ ನನಗೆ ಗೊತ್ತು. ಮನೆಪಾಠ ಮಾಡಿಲ್ಲದವರನ್ನು ಅವರು ಹಾಗೆ ನೋಡುತ್ತಾರೆ.

ಸರಿಯಾದ ಗೋಪುರದಲ್ಲಿ ಇನ್ನೊಂದು ಕಷ್ಟ. ಇಕ್ಕಟ್ಟಿನ ಸುತ್ತುಮೆಟ್ಟಿಲು, ಮೇಲಿನಿಂದ ಒಂದು ಗುಂಪು ಇಳಿಯುತ್ತಿದೆ, ಕೆಳಗಿನಿಂದ ಶಾಲೆಯ ಮಕ್ಕಳು ಹತ್ತುತ್ತಿದ್ದಾರೆ, ನಡುವೆ ಯಾರೂ ಅಲುಗಾಡುತ್ತಿಲ್ಲ. ಆಗ ನಮ್ಮ ಮಹಿಳೆಯರು ಮುಂದೆ ಬಂದರು. ಲೇಡೀಸ್ ಡಬ್ಬಿಯಲ್ಲಿ ತಯಾರಾದವರು ಅವರು. ನನ್ನ ಹೆಂಡತಿ ಸೆರಗು ಸಿಕ್ಕಿಸಿ, "ಆಧೀ ಉತರೂ ದ್ಯಾ!" ಎಂದು ಒಂದು ಕೂಗು ಹಾಕಿದಳು. ಮೊದಲು ಇಳಿಯುವವರಿಗೆ ದಾರಿ ಬಿಡಿ ಎನ್ನುವ ಆ ಮರಾಠಿ ಮಾತು ಅಲ್ಲಿದ್ದವರಲ್ಲಿ ಎಷ್ಟು ಜನಕ್ಕೆ ತಿಳಿಯಿತೋ, ದನಿ ಮಾತ್ರ ಎಲ್ಲರಿಗೂ ತಿಳಿಯಿತು. ಎರಡು ನಿಮಿಷದಲ್ಲಿ ಮೆಟ್ಟಿಲು ಖಾಲಿ. ಮೂವತ್ತೈದು ವರ್ಷದ ಆ ಕಾವಲುಗಾರ ಕೆಳಗಿನಿಂದ ಕೈಮುಗಿದ.

ಹತ್ತುವಾಗ ಯಾರಾದರೂ ಇನ್ನೆಷ್ಟು ಎಂದು ಕೇಳಿದರೆ "ಇನ್ನೊಂದ ಅಂತಸ್ತು" ಎನ್ನುತ್ತಿದ್ದೆ. ಕೊನೆಗೆ ಹೋಟೆಲ್ ಅಣ್ಣ ಗೋಡೆ ಹಿಡಿದು ನಿಂತರು. "ಇನ್ನೊಂದೇ ಅಂತ ನೀವು ಐದನೇ ಸಲ ಹೇಳುದು. ಎಂಥದು, ನೀವು ಇದನ್ನು ಮೊದಲು ಹತ್ತಿದ್ದೀರಾ, ಇಲ್ವಾ?"

"ನಾ ಹತ್ತೂವಾಗ ಓಡ್ಕೋತ ಹೋಗ್ತಿದ್ದೆ ಅಣ್ಣಾ" ಎಂದೆ. "ಯಾರ ಎಣಸ್ಯಾರ?"

ಯಾರಿಗೂ ಹೇಳಬ್ಯಾಡ

ಗ್ಯಾಲರಿಗೆ ಕಾಲಿಟ್ಟೆವು. ಇಪ್ಪತ್ತೇಳು ವರ್ಷ ನಾನು ರೈಲಿನಲ್ಲಿ ಕಟ್ಟಿದ್ದ ಗ್ಯಾಲರಿಗಿಂತ ಇದು ಬಹಳ ದೊಡ್ಡದಾಗಿತ್ತು, ಚೆಂದಾಗಿತ್ತು. ಆದರೆ ಪಿಸುಮಾತು ಕೇಳುವ ಪ್ರಶ್ನೆಯೇ ಇರಲಿಲ್ಲ. ಶಾಲೆಯ ಮಕ್ಕಳು ಕೂಗುತ್ತಿದ್ದರು, ಸಿಳ್ಳೆ ಹಾಕುತ್ತಿದ್ದರು. ಪ್ರತಿ ಸಿಳ್ಳೆಯನ್ನೂ ಗುಮ್ಮಟ ಏಳು ಸಲ ತಿರುಗಿ ಕೊಡುತ್ತಿತ್ತು. ನಮ್ಮವರು ಎದುರು ಕಡೆ ಹೋಗಿ ಕಟ್ಟೆಯ ಮೇಲೆ ಕರವಸ್ತ್ರ ಹಾಸಿ ಜಾಗ ಹಿಡಿದು, ಗೋಡೆಗೆ ಒರಗಿ ಕೂತರು. ನಾನೂ ಹೆಂಡತಿಯೂ ಈ ಕಡೆ ಉಳಿದೆವು.

ನಾನೂ ಗೋಡೆಗೆ ಒರಗಿ ಮೇಲೆ ನೋಡಿದೆ. ಕೆಳಗೆ ತೋಟದಲ್ಲಿ ಬುತ್ತಿಗಂಟು ಹಿಡಿದು ಕೂತು, ಒಳಗಿನಿಂದ ಬರುವ ನೆಂಟರ ಕೂಗನ್ನು ಕೇಳಿದ್ದೆಲ್ಲ ನೆನಪಾಯಿತು. ಅವ್ವ ಇದ್ದಿದ್ದರೆ ಹೇಳಬೇಕಿತ್ತು, ನೋಡು, ಆ "ಯಾವಾಗ ಬೇಕಾದ್ರೂ" ಇವತ್ತು ಬಂತು ಎಂದು. ಕಣ್ಣಿಗೆ ನೀರು ಬಂತು. ಯಾರಿಗಾದರೂ ಹೇಳದಿದ್ದರೆ ಆಗದು ಅನ್ನಿಸಿತು. ಈ ಗದ್ದಲದಲ್ಲಿ ಯಾರಿಗೆ ಕೇಳುತ್ತದೆ ಎಂದು ಗೋಡೆಯ ಕಡೆ ತಿರುಗಿ, ಹೆಂಡತಿಯ ಕಿವಿಗೆ ಬಾಯಿಟ್ಟು ಹೇಳಿದೆ:

"ಏ, ನಾ ಇವತ್ತ ಮೊದಲ ಸಲ ಹತ್ತೀನಿ. ಯಾರಿಗೂ ಹೇಳಬ್ಯಾಡ."

ಹೇಳಿ ಮುಗಿಸಿದ ಮೇಲೆ ಗೊತ್ತಾಯಿತು, ಗದ್ದಲ ಇರಲಿಲ್ಲ. ಶಾಲೆಯ ಮಾಸ್ತರರು ಗೋಡೆಯ ಚಮತ್ಕಾರ ತೋರಿಸಲೆಂದು ಅದೇ ಕ್ಷಣಕ್ಕೆ ತುಟಿಯ ಮೇಲೆ ಬೆರಳಿಟ್ಟು ಎಲ್ಲ ಮಕ್ಕಳನ್ನೂ ಸುಮ್ಮನಾಗಿಸಿದ್ದರು. ಮಕ್ಕಳೂ ನಮ್ಮವರೂ ಎದುರು ಕಡೆ ಗೋಡೆಗೆ ಕಿವಿ ಹಚ್ಚಿದ್ದರು.

"ಏನ ಕೇಳಿಸ್ತು?" ಎಂದು ಮಾಸ್ತರರು ಕೇಳಿದರು.

"ನಾ ಇವತ್ತ ಮೊದಲ ಸಲ ಹತ್ತೀನಿ!" ಎಂದು ಮಕ್ಕಳು ಒಕ್ಕೊರಲಿನಿಂದ ಕೂಗಿದರು.

ಗುಮ್ಮಟ ಅದನ್ನು ಏಳು ಸಲ ಹೇಳಿತು. ನಾನು ಎಣಿಸಿದೆ, ರೈಲಿನಲ್ಲಿ ನಾನು ಹೇಳಿದ್ದು ಸುಳ್ಳಲ್ಲ.

ಆಮೇಲೆ ನನ್ನ ಪಕ್ಕದ ಗೋಡೆಯಿಂದ ಹೋಟೆಲ್ ಅಣ್ಣನ ದನಿ ಮೆಲ್ಲಗೆ ಬಂತು: "ಹೆದರಬೇಡಿ ಮಾರಾಯ್ರೆ. ನಾವು ಯಾರಿಗೂ ಹೇಳುದಿಲ್ಲ."

ಮೆಟ್ಟಿಲು ಇಳಿಯುವಾಗ ತಲೆ ತಗ್ಗಿಸಿದವನು ಬಸ್ಸಿನಲ್ಲೂ ಎತ್ತಲಿಲ್ಲ. ಊರು ದಾಟಿದ ಮೇಲೆ ಕಾರ್ಯದರ್ಶಿ ಮೇಡಂ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಗಂಡಾಂತರ ಬಂತೆಂದು ನಾನು ಹೆಂಡತಿಯ ಕೈ ಹಿಡಿದೆ. ಮೇಡಂ ಎಲ್ಲರನ್ನೂ ಒಂದು ಪ್ರಶ್ನೆ ಕೇಳಿದರು: "ನಿಜ ಹೇಳಿ. ಇಷ್ಟು ವರ್ಷ ಮುಂಬೈ ಪಕ್ಕದಲ್ಲೇ ಇದ್ದೀವಿ. ನಮ್ಮಲ್ಲಿ ಎಲಿಫೆಂಟಾ ಗುಹೆ ನೋಡಿದವರು ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. "ಅದು ಅಲ್ಲೇ ಉಂಟಲ್ಲ, ಯಾವಾಗ ಬೇಕಾದ್ರೂ ನೋಡಬಹುದು" ಎಂದು ಹೋಟೆಲ್ ಅಣ್ಣ ಗೊಣಗಿದರು. ಬ್ಯಾಂಕ್ ಕಾಕಾ ಕಿಟಕಿಯ ಹೊರಗೆ ನೋಡಿದರು. ಮೇಡಂ ಕೂಡ ಕೈ ಎತ್ತಿರಲಿಲ್ಲ. ನನಗೆ ಎದೆ ಹಗುರಾಯಿತು, ತಲೆ ತಾನಾಗಿ ಮೇಲೆದ್ದಿತು.

ಮೇಡಂ ನಡಾವಳಿಯ ಪುಸ್ತಕ ತೆಗೆದು ಅಲ್ಲೇ ಠರಾವು ಬರೆದು ಓದಿದರು. ಮುಂದಿನ ವರ್ಷದ ಪ್ರವಾಸ ಎಲಿಫೆಂಟಾ ಎಂದು ಸರ್ವಾನುಮತದಿಂದ ತೀರ್ಮಾನಿಸಲಾಗಿದೆ. ಗೈಡ್ ಆಗಿ ಈ ವರ್ಷದವರನ್ನೇ ಮುಂದುವರಿಸಲಾಗಿದೆ. ಯಾಕೆಂದರೆ, ನೋಡದೆ ಇರುವ ಜಾಗವನ್ನು ತೋರಿಸಿದ ಅನುಭವ ಇಡೀ ಸಂಘದಲ್ಲಿ ಇವರೊಬ್ಬರಿಗೇ ಇದೆ.